ಐದನೇ ಪ್ರಶ್ನೆಗೆ ನಿಜವಾದ ಉತ್ತರ

ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಬಸ್ ಡ್ರೈವರ್ ಫಾರಂ ತುಂಬಿದ ವೇಗ ನೋಡಿಯೇ ಅವನ ಹೆಂಡತಿಗೆ ಅನುಮಾನ ಬಂತು. ಇಪ್ಪತ್ತು ಪ್ರಶ್ನೆ, ಎರಡೇ ನಿಮಿಷ. ಎಲ್ಲದಕ್ಕೂ ‘ತೊಂದರೆ ಇಲ್ಲ’ ಎಂಬ ಉತ್ತರ.

ಆರು ತಿಂಗಳ ಹಿಂದೆ ಡಿಪೋದಲ್ಲಿ ಗಂಡಸರಿಗೆಂದು ನಡೆದ ರಕ್ತಪರೀಕ್ಷೆಯಿಂದ ಅವನ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಬಯಲಾಗಿತ್ತು. ಬೇಗ ಸಿಕ್ಕಿದ್ದರಿಂದ ಶಸ್ತ್ರಚಿಕಿತ್ಸೆಯಲ್ಲೇ ಕಂಟಕ ಕಳೆಯಿತು. ಈಗಿನ ರಿಪೋರ್ಟ್ ಚೊಕ್ಕವಾಗಿತ್ತು. ಈ ಶಸ್ತ್ರಚಿಕಿತ್ಸೆಯ ಎರಡು ವಿಧಾನಗಳಲ್ಲಿ ಯಾವುದು ಮೇಲು ಎಂದು ವೈದ್ಯರು ಅಧ್ಯಯನ ನಡೆಸುತ್ತಿದ್ದರು. ಅದಕ್ಕೆ ಇವನೂ ಒಪ್ಪಿ ಸಹಿ ಹಾಕಿದ್ದ. ಮುಂದೆ ಬರುವ ರೋಗಿಗಳಿಗೆ ಯಾವ ವಿಧಾನ ಒಳ್ಳೆಯದೆಂದು ತಿಳಿಯಲು ಕೊಟ್ಟ ಫಾರಂ ಇದು.

“ರೀ, ಐದನೇ ಪ್ರಶ್ನೆ ಓದಿದ್ರಾ? ಕೆಮ್ಮಿದಾಗ, ಸೀನಿದಾಗ ಮೂತ್ರ ಸೋರುತ್ತಾ ಅಂತ ಕೇಳಿದ್ದಾರೆ.”

“ಮೆಲ್ಲಗೆ ಮಾತಾಡೇ, ಮಾನ ಹೋಗುತ್ತೆ!”

“ದಿನಾ ಬಟ್ಟೆ ಒಗೆಯೋಳು ನಾನು. ನನಗೆ ಗೊತ್ತಿರೋದನ್ನ ಡಾಕ್ಟರಿಗೆ ಹೇಳೋಕೆ ಏನು ಕಷ್ಟ?”

“ಜೀವ ಉಳಿಸಿದವರು ಕಣೇ. ಅವರ ಕೆಲಸದಲ್ಲೇ ಹುಳುಕು ಹುಡುಕಿದ ಹಾಗಾಗಲ್ವಾ?”

ಹೆಂಡತಿ ಫಾರಂ ಮೇಲೆ ಬೆರಳಿಟ್ಟಳು. “ಬ್ರೇಕ್ ಸರಿಯಿಲ್ಲದ ಬಸ್ಸನ್ನ ‘ಸರಿಯಿದೆ’ ಅಂತ ಬರೆದು ಇಳಿದು ಬರ್ತೀರಾ ನೀವು? ಮಾರನೇ ದಿನ ಅದನ್ನ ಓಡಿಸೋನ ಗತಿ ಏನು?”

ಡ್ರೈವರ್ ಫಾರಂ ಕೈಗೆತ್ತಿಕೊಂಡ. ಎದ್ದು ಸಿಸ್ಟರ್ ಬಳಿ ಹೋದ.

“ಇನ್ನೊಂದು ಫಾರಂ ಕೊಡಿ ಸಿಸ್ಟರ್. ಇದರಲ್ಲಿ ಬರೀ ಸುಳ್ಳು ಬರೆದುಬಿಟ್ಟಿದ್ದೀನಿ.”

ಸಿಸ್ಟರ್ ಮುಖ ಅರಳಿತು. “ಅಂತೂ ಒಬ್ಬರು ಬಾಯಿ ಬಿಟ್ಟರಲ್ಲ! ಈ ಆಪರೇಷನ್ ಆದಮೇಲೆ ಇದು ಬಹಳ ಜನರಿಗೆ ಇರೋದೇ. ಅದಕ್ಕೆ ವ್ಯಾಯಾಮ ಇದೆ, ಇವತ್ತೇ ಕಲಿಸ್ತೀನಿ. ನೀವು ಹೇಳದಿದ್ರೆ ನಮಗೆ ಹೇಗೆ ಗೊತ್ತಾಗಬೇಕು?”

ಈ ಸಲ ಅವನು ಒಂದೊಂದೇ ಪ್ರಶ್ನೆ ಓದಿ, ನಿಧಾನವಾಗಿ ಬರೆದುಕೊಟ್ಟ. ಎದೆಯ ಮೇಲಿನ ಕಲ್ಲು ಇಳಿಸಿದಷ್ಟು ಹಗುರವಾಗಿ ಮರಳಿ ಬಂದಾಗ, ಪಕ್ಕದ ಕುರ್ಚಿಯಲ್ಲಿ ಗಿರಿಜಾ ಮೀಸೆಯ ದಢೂತಿ ಮನುಷ್ಯರೊಬ್ಬರು ಪರೀಕ್ಷೆ ಬರೆಯುವ ಹುಡುಗನ ಹಾಗೆ ಅಂಗೈ ಅಡ್ಡ ಹಿಡಿದು ಅದೇ ಫಾರಂ ತುಂಬುತ್ತಿದ್ದರು.

“ಐದನೇದಾ ಯಜಮಾನ್ರೇ? ನಂದು ದಿನಕ್ಕೆ ನಾಲ್ಕು ಸಲ. ಬರೆದುಕೊಟ್ಟೇ ಬಂದೆ,” ಎಂದ ಡ್ರೈವರ್, ಬಸ್ಸಿನಲ್ಲಿ ಕೊನೆಯ ಸೀಟಿನವರಿಗೂ ಕೇಳುವ ದನಿಯಲ್ಲಿ.

ಕೋಣೆಯ ತಲೆಗಳೆಲ್ಲ ಇತ್ತ ತಿರುಗಿದವು. ಆಮೇಲೆ ಕಿಟಕಿಯ ಪಕ್ಕದಿಂದ ಒಂದು ದನಿ: “ನಂದು ಆರು!”

ಅಲ್ಲಿಗೆ ನಗು ಹೊತ್ತಿಕೊಂಡಿತು. ಮೀಸೆಯವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗುತ್ತಾ ನಗುತ್ತಾ ಥಟ್ಟನೆ ನಿಲ್ಲಿಸಿ, ಕಾಲು ಜೋಡಿಸಿಕೊಂಡು ಕೇಳಿದರು:

“ಅಲ್ಲಾ… ನಕ್ಕಾಗ ಸೋರಿದ್ರೂ ಬರೀಬೇಕಾ?”

“ಬರೀಲೇಬೇಕು,” ಎನ್ನುತ್ತಾ ಡ್ರೈವರನ ಹೆಂಡತಿ ಕೆಳಗೆ ಬಿದ್ದಿದ್ದ ಅವರ ಪೆನ್ನನ್ನು ಎತ್ತಿಕೊಟ್ಟಳು.