ಅರ್ಧ ಮೂಟೆ ಗೋಧಿ

ಎಲ್ಲರೂ ಕಡ್ಡಿ ಎಂದೇ ಕರೆಯುತ್ತಿದ್ದ ಆ ಹುಡುಗಿಗೆ ಹದಿನೆಂಟನೆಯ ಕಿಲೋಮೀಟರು ನೆನೆದರೇ ಎದೆ ಝಲ್ಲೆನ್ನುತ್ತಿತ್ತು. ಇಪ್ಪತ್ತೊಂದು ಕಿಲೋಮೀಟರಿನ ಓಟದಲ್ಲಿ ಹಿಂದಿನ ಎರಡು ವರ್ಷವೂ ಅಲ್ಲಿಯ ಏರಿನವರೆಗೆ ಮುಂದಿದ್ದು, ಆಮೇಲೆ ಕಾಲು ಮಾತು ಕೇಳದೆ ಹಿಂದೆ ಬಿದ್ದಿದ್ದಳು. ಈ ಸಲ ಮೊದಲ ಮೂವರಲ್ಲಿ ಬರದಿದ್ದರೆ ತಂಡದಲ್ಲಿ ಜಾಗವಿಲ್ಲವೆಂದು ತರಬೇತುದಾರರು ಮುಖಕ್ಕೆ ಹೊಡೆದಂತೆ ಹೇಳಿದ್ದರು.

ಅವಳ ಸೋದರತ್ತೆ ಧಾನ್ಯದ ಗೋದಾಮಿನಲ್ಲಿ ಮೂಟೆ ಹೊರುವವಳು. ವಯಸ್ಸು ಐವತ್ತೆಂಟು, ಮಂಡಿ ನೋವೆಂದರೇನೆಂದು ಗೊತ್ತಿಲ್ಲ. ಒಂದು ಬೆಳಿಗ್ಗೆ ಗೋದಾಮಿನ ಮುಂದೆ ಏದುಸಿರು ಬಿಡುತ್ತ ಓಡಿಹೋದ ಕಡ್ಡಿಯನ್ನು ಹಿಂದಿನಿಂದ ನೋಡಿ ಕೂಗಿ ಕರೆದಳು.

"ಲೇ, ಸುಸ್ತಾದ್ರೆ ನಿನ್ನ ಸೊಂಟ ಬಲಕ್ಕೆ ಕುಸಿಯುತ್ತೆ ಕಣೇ. ಒಂಟಿ ಕಾಲಲ್ಲಿ ಮೈ ಹಿಡಿಯೋ ಬಲ ಇಲ್ಲ ನಿಂಗೆ. ಭಾರ ಎತ್ತು."

"ಮೈ ದಪ್ಪ ಆಗುತ್ತೆ ಅತ್ತೆ!"

"ಮೂವತ್ತು ವರ್ಷ ಎತ್ತಿದೀನಿ. ನಾನೇನು ಆನೆ ಆದ್ನಾ?"

ಅತ್ತೆ ಚೀಲವೊಂದಕ್ಕೆ ಕಾಲು ಮೂಟೆಯಷ್ಟು ಗೋಧಿ ಸುರಿದು ಕಟ್ಟಿಕೊಟ್ಟಳು. ಅದನ್ನು ಹೆಗಲಿಗೇರಿಸಿ ಲಾರಿಗೆ ಸರಕು ತುಂಬುವ ಕಟ್ಟೆಯ ಎತ್ತರದ ಮೆಟ್ಟಿಲನ್ನು ಒಂದೊಂದೇ ಕಾಲಲ್ಲಿ ಹತ್ತಿ ಇಳಿಯಬೇಕು. ಕಡ್ಡಿ ಹುರುಪಿನಿಂದ ದಡದಡನೆ ನಲವತ್ತು ಸಲ ಹತ್ತಿಳಿದು ಬೆವರೊರೆಸಿಕೊಂಡಳು.

"ಇದೂ ಓಟವೇ ಆಯ್ತಲ್ಲ! ಉಸಿರು ನಿನ್ನ ಹತ್ರ ಧಾರಾಳ ಇದೆ, ಇಲ್ದೇ ಇರೋದು ಬಲ. ಐದೇ ಸಲ ಹತ್ತು. ನಿಧಾನಕ್ಕೆ, ಪಾದ ಪೂರ್ತಿ ಊರಿ. ಆಮೇಲೆ ತೆಪ್ಪಗೆ ಕೂತ್ಕೊ."

"ಎಷ್ಟು ಹೊತ್ತು?"

"ಬೇಜಾರಾಗೋವರೆಗೂ."

ವಾರಕ್ಕೆರಡು ದಿನ ಹೀಗೇ ನಡೆಯಿತು. ಐದು ಸಲ ಸಲೀಸಾಗಿ ಹತ್ತಿದ ದಿನ ಅತ್ತೆ ಚೀಲಕ್ಕೆ ಇನ್ನೊಂದು ಡಬ್ಬಿ ಗೋಧಿ ಸುರಿಯುತ್ತಿದ್ದಳು. ಮೂರು ತಿಂಗಳಿಗೆ ಅದು ಅರ್ಧ ಮೂಟೆಯಾಯಿತು. ಕಡ್ಡಿ ಮಾತ್ರ ಕಡ್ಡಿಯಾಗಿಯೇ ಉಳಿದಳು. ಓಟಕ್ಕೆ ಒಂದು ವಾರವಿದೆ ಎನ್ನುವಾಗ ಅತ್ತೆ ಚೀಲವನ್ನೇ ಬಚ್ಚಿಟ್ಟಳು. "ಕಾಲಿಗೆ ರಜ ಕೊಡು" ಎಂದಳು.

ಓಟದ ದಿನ ಹದಿನೆಂಟನೆಯ ಕಿಲೋಮೀಟರಿನ ಏರಿನಲ್ಲಿ ಕಡ್ಡಿ ಐದನೆಯವಳಾಗಿದ್ದಳು. ತೊಡೆಯಲ್ಲಿ ಉರಿ ಬಂತು. ಆದರೆ ಕಾಲು ಕೈಕೊಡಲಿಲ್ಲ. ಕಟ್ಟೆ ಹತ್ತಿದ ಹಾಗೆ ಒಂದೊಂದೇ ಹೆಜ್ಜೆ ಊರಿದಳು. ಒಬ್ಬಳು ಹಿಂದಾದಳು. ಕೊನೆಯ ತಿರುವಿನಲ್ಲಿ ಇನ್ನೊಬ್ಬಳು. ಪದಕ ಕೊರಳಿಗೆ ಬಿದ್ದೊಡನೆ, ರಸ್ತೆ ಬದಿ ನಿಂತು ನೋಡುತ್ತಿದ್ದ ಅತ್ತೆಯ ಬಳಿಗೆ ಓಡಿದಳು.

"ಮೂರನೇವಳಾಗಿ ಬಂದೆ ಅತ್ತೆ!"

"ಹೌದಾ? ನಾನು ಸೊಂಟ ನೋಡ್ತಿದ್ದೆ. ಅಲ್ಲಾಡ್ಲಿಲ್ಲ, ಬಿಡು. ನಡಿ, ಲಾರಿ ಕಾಯ್ತಿದೆ."

ಕಡ್ಡಿ ಗೋದಾಮಿನವರೆಗೂ ಜೊತೆಗೆ ಹೋದಳು. ಅತ್ತೆ ಸೆರಗು ಬಿಗಿದು, ತುಂಬಿದ ಮೂಟೆಯೊಂದನ್ನು ಬೆನ್ನಿಗೆ ಹಾಕಿಕೊಂಡು ಲಾರಿಗೆ ಒರಗಿಸಿದ್ದ ಹಲಗೆ ಏರತೊಡಗಿದಳು. ಕಡ್ಡಿ ಹಿಂದೆ ನಿಂತು, ಪದಕವನ್ನೂ ಮರೆತು, ಆ ಸೊಂಟವನ್ನೇ ನೋಡಿದಳು. ಅದು ಕೂದಲೆಳೆಯಷ್ಟೂ ವಾಲಲಿಲ್ಲ.