ಪಾಟಿಯ ಮೇಲಿನ ಗೀರು

ಕೆಲಸ ಎಂದರೆ ಮೈಗಳ್ಳತನ ಮಾಡುವ ವಿನುತಾ ಅವತ್ತು ಯಾರೂ ಹೇಳದೆಯೇ ಒಂದು ಕೆಲಸ ಮಾಡಿದ್ದಳು. ಕಾಲೇಜಿಗೆ ರಜೆ. ಹಿರೇಗುತ್ತಿಯ ಮನೆಯ ಜಗಲಿಯಲ್ಲಿ ಕೂತು ಅಪ್ಪ ಶನಿಯಾರನ ಕೂಗುಗೆರಟೆಯನ್ನು ಹದ ಮಾಡಿದ್ದಳು.

ಅರ್ಧ ತೆಂಗಿನ ಗೆರಟೆ, ಅದರ ಬಾಯಿಗೆ ಹಲಸಿನ ಮೇಣದಲ್ಲಿ ಅಂಟಿಸಿದ ಶಾಲೆಮಕ್ಕಳು ಬರೆಯುವ ಪಾಟಿಯ ಒಡೆದ ತುಂಡು, ಉಜ್ಜಲು ಒಂದು ಕಡ್ಡಿ, ಅಷ್ಟೇ ಅದು. ಕಡ್ಡಿಯ ತುದಿಯನ್ನು ಪಾಟಿಗೆ ಒತ್ತಿ ಸಣ್ಣಗೆ ತಿರುಗಿಸಿದರೆ ಕಾಡುಕೋಳಿಯ ಹೇಂಟೆ ಕೂಗಿದ ಹಾಗೆ ಕೇಳುತ್ತದೆ. ಹುಂಜ ಹುಡುಕಿಕೊಂಡು ಬರುತ್ತದೆ. ಬೆರಳಿನ ಬೆವರು ತಾಗಿದರೆ ಕಡ್ಡಿ ಜಾರಿ ದನಿ ಸಾಯುತ್ತದೆ. ಅದಕ್ಕೇ ಮರಳು ಕಾಗದದಲ್ಲಿ ಒಂದೇ ದಿಕ್ಕಿಗೆ ತಿಕ್ಕಿ, ಪುಡಿಯನ್ನು ಊದಬೇಕು, ಕೈಯಿಂದ ಒರೆಸಬಾರದು.

ಪಾಟಿಯ ನಡುವೆ ಒಂದು ಗೀರಿತ್ತು. ಕಡ್ಡಿ ಅಲ್ಲಿಗೆ ಬಂದಾಗಲೆಲ್ಲ ದನಿ 'ಕರ್ರ್' ಎಂದು ಎಡವುತ್ತಿತ್ತು. ವಿನುತಾ ಅದನ್ನೂ ತಿಕ್ಕಿ ಅಳಿಸಿದಳು. ಆಮೇಲೆ ಕೂಗಿಸಿದರೆ, ಅಂಗಳದ ಹುಂಜವೇ ಕತ್ತೆತ್ತಿ ನೋಡಿತು.

ಶನಿಯಾರ ಗೆರಟೆಯನ್ನು ನೋಡದೆಯೇ ಚೀಲಕ್ಕೆ ತುರುಕಿಕೊಂಡು, ಫಾರೆಸ್ಟಿನವರ ಕಣ್ಣು ತಪ್ಪಿಸಿ ಗುಡ್ಡ ಹತ್ತಿದ. ಕೋವಿ ಹಿಡಿದ ಗೆಳೆಯ ಮಾಬ್ಲೇಶ್ವರ ಮೊದಲೇ ಹೋಗಿದ್ದ.

"ಅವ್ವಿ, ಅಪ್ಪನ ಗೆರಟೆ ಈಗ ಕೇಳ್ಬೇಕಿತ್ತು ನೀನು. ಆ ಕರ್ರ್ ಅನ್ನೂದನ್ನ ತೆಗ್ದೇ ಬಿಟ್ಟೆ."

ಮೀನು ಕೊಯ್ಯುತ್ತಿದ್ದ ತಾಯಿ ತಿಮ್ಮಿಯ ಕೈ ನಿಂತಿತು. "ಎಂತ ತೆಗ್ದೆ?"

"ಗೀರು. ಅದು ಹಾಳಾಗಿದ್ದಲ್ವಾ?"

"ಅದು ನಿನ್ನಪ್ಪನೇ ಮೊಳೆ ತಕಂಡು ಎಳ್ದಿದ್ದು. ನಿನ್ನ ಚಿಕ್ಕಪ್ಪ ಈರ ಹ್ಯಾಂಗೆ ಸತ್ತ ಅಂತ ಗೊತ್ತಿತ್ತಾ ನಿಂಗೆ?"

"ಮರದಿಂದ ಬಿದ್ದು ಅಂತ ನೀವೇ ಹೇಳಿದ್ರಿ."

"ಪೊಲೀಸ್ರಿಗೂ ಹಂಗೇ ಹೇಳಿದ್ದು. ಪೊದೆ ಒಳಗೆ ಕೂತು ಗೆರಟೆ ಕೂಗಿಸ್ತಿದ್ದ. ಎಷ್ಟು ನಯ ಇತ್ತಂದ್ರೆ, ಮಾಬ್ಲೇಶ್ವರ ಭಾವ ಹೇಂಟೆ ಅಂತ್ಲೇ ಹೊಡ್ದ. ಆಮೇಲೆ ಈ ಗೀರು. ಕರ್ರ್ ಅಂದ್ರೆ ಒಳಗೆ ಮನುಷ್ಯ ಇದ್ದಾನೆ, ಕೋವಿ ಇಳಿಸ್ಬೇಕು."

ವಿನುತಾ ಅಪ್ಪನಿಗೆ ಫೋನ್ ಹಚ್ಚಿದಳು. ಅವನ ಫೋನು ಒಳಗೆ ಗೋಡೆಯ ಗೂಡಿನಲ್ಲೇ ರಿಂಗಾಯಿತು.

ಬರಿಗಾಲಲ್ಲೇ ಓಡಿದಳು. ಗದ್ದೆ ದಾಟಿ ಗೇರುಮರಗಳ ಹತ್ತಿರ ಬರುವಾಗ ಮೇಲಿನಿಂದ ಕೂಗು ಕೇಳಿತು. ನಯವಾದ ಕೂಗು, ಎಲ್ಲೂ ಎಡವಲಿಲ್ಲ. "ಅಪ್ಪಾ" ಎಂದು ಅರಚಿದಳು. ಸಮುದ್ರದ ಗಾಳಿ ಆ ದನಿಯನ್ನು ಹಿಂದಕ್ಕೆ ತಳ್ಳಿತು. ಮತ್ತೆ ಕೂಗು, ಅಷ್ಟೇ ಚೆಂದ. ಅವಳು ಕಿವಿ ಮುಚ್ಚಿಕೊಂಡಳು. ಮುಚ್ಚಿದ ಕಿವಿಗೂ ಕೇಳಿತು.

ಕರ್ರ್.

ಗುಂಡಿನ ಸದ್ದು ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಇಬ್ಬರೂ ಇಳಿದು ಬಂದರು. ಮಾಬ್ಲೇಶ್ವರನ ಮುಖ ಬಿಳಿಚಿಕೊಂಡಿತ್ತು.

"ಕೋವಿ ಕುದುರೆ ಎಳಿಯೂದೊಂದೇ ಬಾಕಿ ಇತ್ತು ಮಾರಾಯಾ. ನೀ ಆ ಕರ್ರ್ ಅನ್ಸದೇ ಇದ್ದಿದ್ರೆ..."

"ನಾ ಅನ್ಸಲಿಲ್ಲ," ಎಂದ ಶನಿಯಾರ. ಗೆರಟೆಯನ್ನು ಮುಂದೆ ಹಿಡಿದ. ಪಾಟಿ ಬೆಣ್ಣೆಯ ಹಾಗೆ ನಯ. "ಅದು ನನ್ನ ಎಡಕ್ಕೆ ಕೂಗಿದ್ದು. ಈರ ಕೂತಿದ್ದ ಆ ಹಳೇ ಪೊದೆ ಬದಿಗೆ."

ಮಾಬ್ಲೇಶ್ವರ ಕೋವಿಯನ್ನು ನೆಲಕ್ಕಿಟ್ಟ. ಅಲ್ಲೇ ಚಿರೇಕಲ್ಲಿನ ಮೇಲೆ ಕೂತ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅಪ್ಪ ಒಂದು ಮೊಳೆ ತಂದು ವಿನುತಾಳ ಮುಂದಿಟ್ಟ. ಅವಳು ಪಾಟಿಯ ನಡುವೆ ಗೀರು ಎಳೆದಳು. ಸರಿಯಾಯಿತೋ ಇಲ್ಲವೋ ಎಂದು ಒಮ್ಮೆ ಉಜ್ಜಿ ನೋಡಿದಳು. ಕರ್ರ್.

ಗದ್ದೆಯಾಚೆ, ಗೇರುಮರಗಳ ಕಡೆಯಿಂದ ಉತ್ತರ ಬಂತು. ಕರ್ರ್.

ತಿಮ್ಮಿ ಒಳಗಿನಿಂದ ಬಂದು ಮಗಳ ಕೈಯಿಂದ ಕಡ್ಡಿ ತೆಗೆದುಕೊಂಡಳು. "ಇನ್ನೊಂದ್ಸಲ ಕೂಗಿಸ್ಬೇಡ ಮಗಾ. ಕರೀಲಿಕ್ಕೇ ಅಲ್ವಾ ಇದನ್ನ ಮಾಡೂದು?"

"ಆತು," ಎಂದಳು ವಿನುತಾ, ಪಿಸುದನಿಯಲ್ಲಿ. ಗೆರಟೆಯನ್ನು ನೆಲದ ಮೇಲೆ ಬೋರಲಾಗಿಟ್ಟಳು.

ಮತ್ತೆ ಕೇಳಿತು. ಈ ಸಲ ಬಾವಿಕಟ್ಟೆಯ ಹತ್ತಿರ. ಅಂಗಳದ ಹುಂಜ ಕತ್ತೆತ್ತಿ ಅತ್ತ ನೋಡಿತು, ಆಮೇಲೆ ನಿಧಾನಕ್ಕೆ ದಾರಿ ಬಿಟ್ಟು ಪಕ್ಕಕ್ಕೆ ಸರಿಯಿತು.