ಮಿಂಚುವ ಹುಣ್ಣು

ಕಡಲ ದಡದ ಮಂಕಿಯ ಮೀನುಗಾರ ದಾಸನ ಮೊಣಕಾಲ ಕೆಳಗೊಂದು ಹುಣ್ಣು. ಮಳೆಗಾಲಕ್ಕೆ ಮೊದಲು ಬಂಡೆಯ ಚಿಪ್ಪು ತಾಗಿ ಆದ ಗೀರು, ಶ್ರಾವಣ ಬಂದರೂ ಮಾಯಲಿಲ್ಲ. ಮಾಸ್ತಿ ಅರಿಶಿನ ಹಾಕಿದ, ಬೀರಪ್ಪ ನಶ್ಯ ಉದುರಿಸಿದ, ಚೌಡಮ್ಮ ಅಮ್ಮನವರ ಬೂದಿ ಮೆತ್ತಿದಳು. ದೇವರು ಒಬ್ಬೊಬ್ಬರಿಗೆ ಒಂದೊಂದು ವಿದ್ಯೆ ಕೊಡುತ್ತಾನಂತೆ. ಮಂಕಿಯವರಿಗೆಲ್ಲ ಮಾತ್ರ ವೈದ್ಯವನ್ನೇ ಕೊಟ್ಟುಬಿಟ್ಟಿದ್ದ.

ದಿನಾ ಬೆಳಗ್ಗೆ ಹುಣ್ಣಿನ ಮೇಲೊಂದು ತೆಳು ಪೊರೆ ಮಿರಮಿರ ಮಿಂಚುತ್ತಿತ್ತು. ಮಿಂಚಿದ ಮೀನು ತಾಜಾ ಎಂಬುದೇ ದಾಸನ ವೇದ. “ಹೊಸ ಚರ್ಮ ಬಂತು ನೋಡಿ!” ಎಂದು ಪಂಚೆ ಎತ್ತಿ ಕೇರಿಗೆಲ್ಲ ದರ್ಶನ ಕೊಡುತ್ತಿದ್ದ. ಕೇರಿಯವರು ಮೂಗು ಹಿಡಿದುಕೊಂಡೇ ಹೌದೆನ್ನುತ್ತಿದ್ದರು.

ಹೊನ್ನಾವರದ ಡಾಕ್ಟರು ಭಟ್ಟರು ನೋಡಿದರು. “ಇದು ಚರ್ಮ ಅಲ್ಲ ದಾಸ. ಕಣ್ಣಿಗೆ ಕಾಣದ ಕ್ರಿಮಿಗಳು ಸೇರಿ ಲೋಳೆಯ ಮಾಡು ಕಟ್ಕೊಂಡಿವೆ. ಮೇಲಿಂದ ಎಂತ ಹಾಕಿದ್ರೂ ಮನೆಮಾಡಿನ ಮೇಲೆ ಮಳೆ ಸುರಿದ ಹಾಗೆ, ಒಳಗೆ ಇಳಿಯೂದಿಲ್ಲ. ಕೆರೆದು ತೆಗೀಬೇಕು.”

“ದೇವ್ರು ಕೊಟ್ಟ ಚರ್ಮ ಒಡ್ಯಾ!” ಎಂದು ದಾಸ ಕುಂಟುತ್ತಲೇ ಓಡಿಬಂದ.

ಕೇರಿಯವರೆಲ್ಲ ಸೇರಿ ಹಗ್ಗ ಹಿಡಿದು ದಡಕ್ಕೆ ಎಳೆಯುವ ರಂಪಣಿ ಬಲೆ ಇಳಿಸುವ ಕಾಲ ಬಂತು. ಬಲೆಯ ಯಜಮಾನ ವೆಂಕಟ್ರಮಣ ಮುಖದ ಮೇಲೇ ಹೇಳಿದ: “ನಿನ್ನ ಹಿಂದೆ ನಿಂತು ಹಗ್ಗ ಎಳೂಕೆ ಯಾರೂ ಒಪ್ಪೂದಿಲ್ಲ ಮಾರಾಯ. ಎಂತ ವಾಸನೆ! ಕಾಲು ಸಮ ಮಾಡ್ಕಂಡು ಬಾ. ಅಲ್ಲಿವರೆಗೆ ನಿನ್ನ ಜಾಗಕ್ಕೆ ಮಂಜ.” ಹಗ್ಗದ ಜಾಗ ಹೋದರೆ ಮೀನಿನ ಪಾಲೂ ಹೋದಂತೆ.

ದಾಸ ಮನೆಗೆ ಬಂದು ಹೆಂಡತಿ ತಿಮ್ಮಿಯ ಮುಂದೆ ಕಾಲು ಚಾಚಿದ. “ನೀನಾದ್ರೂ ನೋಡೇ, ಹ್ಯಾಂಗೆ ಮಿಂಚ್ತದೆ!”

ಮೀನುಬುಟ್ಟಿ ಇಳಿಸಿದ ತಿಮ್ಮಿ ಬಗ್ಗಿ ಮೂಸಿದಳು. “ಹಳೇ ಬಂಗಡೆಗೆ ನೀರು ಚಿಮುಕ್ಸಿ, ಮಿಂಚ್ಸಿ ಮಾರೂ ಹೆಂಗ್ಸು ನಾನು. ನಂಗೇ ಮಿಂಚು ತೋರಿಸ್ತ್ರಾ? ಈ ಮಾಲು ಸಮುದ್ರ ಕಾಣದ ಸಂತೆಗುಳಿಯವ್ರೂ ತಕಣೂದಿಲ್ಲ. ಏಳಿ, ಡಾಕ್ಟರ ಹತ್ರ!”

ಭಟ್ಟರು ಕೆರೆದರು. ದಾಸ ನೆನಪಿದ್ದ ದೇವರನ್ನೆಲ್ಲ ಕೂಗಿ ಕರೆದ. ಕೆಂಪು ರಕ್ತ ಒಸರಿತು. “ಈಗ ಮದ್ದು ತಾಗ್ತದೆ,” ಎಂದರು ಭಟ್ಟರು. ಲೋಳೆ ಮತ್ತೆ ಕಟ್ಟಿತು, ಮತ್ತೆ ಕೆರೆದರು. ಪ್ರತಿ ಸಲವೂ ತಿಮ್ಮಿ ಬಾಗಿಲಿಗೆ ಅಡ್ಡ ನಿಂತಿದ್ದಳು.

ಬಂಗಡೆಯ ಕಾಲ ಅರ್ಧ ಕಳೆದ ಮೇಲೆ ಯಜಮಾನ ಮಾಯ್ದ ಕಾಲನ್ನು ಬಗ್ಗಿ ನೋಡಿ ದಾಸನನ್ನು ಹಗ್ಗದ ಬಾಲಕ್ಕೆ ನಿಲ್ಲಿಸಿದ. ಮೊದಲ ಪಾಲು ಕೈಗೆ ಬಂದದ್ದೇ ತಡ, ಅರಿಶಿನ, ನಶ್ಯ, ಬೂದಿ ಮೂರೂ ಬುಟ್ಟಿ ಹಿಡಿದು ಬಂದವು. “ಯಾರ ಮದ್ದಿಗೆ ವಾಸಿ ಆತು, ಹೇಳು!” ದಾಸ ಮೂವರಿಗೂ ಕೈಮುಗಿದು ಮೀನು ಹಾಕಿದ.

“ಡಾಕ್ಟರಿಗೆ ಎಂತದೂ ಇಲ್ವಾ?” ಎಂದಳು ತಿಮ್ಮಿ.

“ಅವ್ರು ಭಟ್ರಲ್ವೇನೇ, ಮೀನು ತಿಂತ್ರಾ? ಅವ್ರಿಗೆ ಪುಣ್ಯ ಬಂತಲ್ಲ, ಸಾಕು ಬಿಡು.”